ಬರಿದಲೆಯ ಸವಾರರ ನಾಡಿನಲ್ಲಿ

ಯೂರೋಪು ಖಂಡದ ವಾಯವ್ಯ ಭಾಗದಲ್ಲಿ, ಸಮುದ್ರದೊಡನೆ ಹೋರಾಡಿ ನೆಲವನ್ನು ಗಳಿಸಿಕೊಂಡ ಒಂದು ಪುಟ್ಟ ದೇಶವಿರುವುದು. ನಮ್ಮ ಜನರು ಅದನ್ನು ರೂಢಿಯಲ್ಲಿ ಹಾಲೆಂಡ್ ಎಂದು ಕರೆಯುವರು; ಅದರ ಸರಿಯಾದ ಹೆಸರು ನೆದರ್ಲೆಂಡ್ಸ್. ಅಲ್ಲಿಯ ಜನರೇ ಡಚ್ಚರು. ಹದಿನೇಳನೆಯ ಶತಮಾನದಲ್ಲಿ ಇವರ ಹಡಗುಗಳು ನಮ್ಮ ಕರಾವಳಿಯ ಬಸರೂರಿಗೆ ಬಂದು ವ್ಯಾಪಾರ ನಡೆಸುತ್ತಿದ್ದುವು. ಆಗಿನ ನಮ್ಮವರು ಇವರನ್ನು ವಲಂದೇಜರೆಂದು ಕರೆಯುತ್ತಿದ್ದರು. ಈ ದೇಶಕ್ಕೆ ಹೋಗುವ ಯಾತ್ರಿಕರು ಸಾಮಾನ್ಯವಾಗಿ ಟ್ಯೂಲಿಪ್ ಹೂವಿನ ಹೊಲಗಳನ್ನೂ ಗಾಳಿಗಿರಣಿಗಳನ್ನೂ ರೆಂಬ್ರಾಂಟನ ಚಿತ್ರಗಳನ್ನೂ ನೋಡಿ ಹಿಂದಿರುಗುವರು. ನಾವೂ ಅವನ್ನು ನೋಡಿದೆವು. ಆದರೆ ನಮ್ಮ ಕಣ್ಣನ್ನು ಅವೆಲ್ಲಕ್ಕಿಂತ ಹೆಚ್ಚಾಗಿ ಸೆಳೆದುವು ಆ ನಾಡಿನ ಬೈಸಿಕಲ್ಲುಗಳು. ಬೈಸಿಕಲ್ಲುಗಳಿಗಿಂತಲೂ ಹೆಚ್ಚಾಗಿ, ಅವುಗಳ ಮೇಲೆ ಕುಳಿತವರ ತಲೆಗಳು.

ಇದಕ್ಕೆ ಕಾರಣವನ್ನು ಹೇಳುವೆವು. ನಮ್ಮ ರಾಜ್ಯದಲ್ಲಿ 2006-07ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರವು ಬೈಸಿಕಲ್ಲುಗಳನ್ನು ಹಂಚಲು ತೊಡಗಿದ ಮೇಲೆ, ಹಳ್ಳಿಹಳ್ಳಿಗಳ ಹುಡುಗ ಹುಡುಗಿಯರು ಎರಡು ಚಕ್ರಗಳ ಮೇಲೆ ಶಾಲೆಗೆ ಹೊರಟರು. 2017ರಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನ ಬಾಡಿಗೆ ಬೈಸಿಕಲ್ಲುಗಳ ಏರ್ಪಾಡು ಆರಂಭವಾಯಿತು. ಪಟ್ಟಣದ ಅಂಗಡಿಗೆ ಹೋದರೆ ಬೈಸಿಕಲ್ಲಿನ ಪಕ್ಕದಲ್ಲಿಯೇ ಬಣ್ಣಬಣ್ಣದ ಹೆಲ್ಮೆಟ್ಟುಗಳು ತೂಗಾಡುತ್ತಿರುವುವು. ತಾಯಿ ಕೊಳ್ಳೋಣವೆನ್ನುವಳು, ತಂದೆ, ‘ನಮ್ಮ ಕಾಲದಲ್ಲಿ ನಾವೇನು ಹಾಕಿಕೊಂಡಿದ್ದೆವೇ?’ ಎನ್ನುವನು. ಮೋಟಾರು ಸೈಕಲ್ಲಿನ ಸವಾರನಿಗೆ ನಮ್ಮ ಕಾನೂನು ಶಿರಸ್ತ್ರಾಣವನ್ನು ಕಡ್ಡಾಯ ಮಾಡಿರುವುದಾದರೂ, ತುಳಿಯುವ ಬೈಸಿಕಲ್ಲಿನವನಿಗೆ ಅಂಥ ಕಟ್ಟಳೆಯಿಲ್ಲ. ಆದಕಾರಣ ಈ ನಿರ್ಣಯವು ಮನೆಯವರ ಪಾಲಿಗೇ ಬಿದ್ದಿರುವುದು. ಆ ಬೆಂಡಿನ ಟೋಪಿಯು ತಲೆಯನ್ನು ನಿಜವಾಗಿಯೂ ಎಷ್ಟು ಕಾಯುವುದು? ಪ್ರಪಂಚದಲ್ಲಿಯೇ ಅತ್ಯಧಿಕವಾಗಿ ಬೈಸಿಕಲ್ಲು ತುಳಿಯುವ ಜನರು ಅದನ್ನು ಏಕೆ ಹಾಕಿಕೊಳ್ಳುವುದಿಲ್ಲ? ಈ ಎರಡು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಆಮ್‌ಸ್ಟರ್‌ಡಾಮ್ ನಗರದಲ್ಲಿ ಇಳಿದೆವು.

ಆ ನಗರವು ಬಾಗಿದ ಕಾಲುವೆಗಳ ಮೇಲೆ ಬೆಳೆದುದು. ಕಾಲುವೆಯ ಎರಡು ದಡಗಳಲ್ಲಿಯೂ ಇಟ್ಟಿಗೆಯ ಬೀದಿಗಳು, ಕಿರಿದಾದ ಎತ್ತರದ ಮನೆಗಳು, ಪ್ರತಿಯೊಂದು ಸೇತುವೆಯ ಕಟಾಂಜನಕ್ಕೂ ಒರಗಿಸಿ ಸರಪಣಿ ಬಿಗಿದ ಬೈಸಿಕಲ್ಲುಗಳ ಸಾಲು. ಬೆಳಗಿನ ಎಂಟು ಗಂಟೆಗೆ ನಾವು ಒಂದು ಸೇತುವೆಯ ಮೇಲೆ ನಿಂತೆವು. ಕೆಂಪು ಡಾಂಬರಿನ ಪ್ರತ್ಯೇಕ ಹಾದಿಯಲ್ಲಿ ಜನಪ್ರವಾಹವು ಹರಿಯುತ್ತಿದ್ದಿತು. ಕೋಟು ಧರಿಸಿದ ಅಧಿಕಾರಿಗಳು, ಬೆನ್ನಿಗೆ ಚೀಲ ಕಟ್ಟಿದ ವಿದ್ಯಾರ್ಥಿಗಳು, ಮುಂದುಗಡೆ ಮರದ ಪೆಟ್ಟಿಗೆಯಲ್ಲಿ ಮೂರು ಮಕ್ಕಳನ್ನು ಕೂರಿಸಿಕೊಂಡ ತಾಯಂದಿರು, ಒಂದು ಕೈಯಲ್ಲಿ ಕೊಡೆ ಹಿಡಿದ ಮುದುಕರು—ಎಲ್ಲರೂ ಬೆನ್ನನ್ನು ನೇರವಾಗಿಟ್ಟುಕೊಂಡು, ಅವಸರವಿಲ್ಲದೆ, ಮನೆಯ ಜಗಲಿಯಲ್ಲಿ ಕುಳಿತವರಂತೆ ಸಾಗುತ್ತಿದ್ದರು. ನಾವು ಮೊದಲು ನೂರು ಜನರನ್ನು ಎಣಿಸಿದೆವು. ಅವರಲ್ಲಿ ಶಿರಸ್ತ್ರಾಣವಿದ್ದವನು ಒಬ್ಬನೇ. ಅವನೂ ಬಾಗಿ ಕುಳಿತು ಪಂದ್ಯದ ಬೈಸಿಕಲ್ಲನ್ನು ತುಳಿಯುತ್ತಿದ್ದವನು. ಎರಡನೆಯ ನೂರರಲ್ಲಿ ಇಬ್ಬರು ಸಿಕ್ಕಿದರು. ಅವರ ಕೈಯಲ್ಲಿ ನಗರದ ನಕ್ಷೆಯಿದ್ದುದರಿಂದ ಅವರು ನಮ್ಮಂತೆಯೇ ಪರಸ್ಥಳದವರೆಂದು ತಿಳಿದುಕೊಂಡೆವು.

ಆ ನಗರದಲ್ಲಿ ರೈಕ್ಸ್ ಮ್ಯೂಸಿಯಮ್ ಎಂಬ ಪ್ರಸಿದ್ಧ ಚಿತ್ರಶಾಲೆಯಿರುವುದು. ಅದರ ಕಟ್ಟಡದ ನಡುವೆ, ಕಮಾನುಗಳ ಕೆಳಗೆ, ಒಂದು ಹಾದಿಯುಂಟು. ಅದರಲ್ಲಿ ಬೈಸಿಕಲ್ಲುಗಳು ಓಡಾಡುವುವು. ಜೀರ್ಣೋದ್ಧಾರಕ್ಕಾಗಿ ಹಲವು ವರ್ಷ ಮುಚ್ಚಿದ್ದ ಆ ಭವನವು 2013ರಲ್ಲಿ ತೆರೆದಾಗ, ಹಾದಿಯನ್ನು ನಡೆಯುವವರಿಗೆ ಮಾತ್ರ ಬಿಡಬೇಕೆಂದು ಚಿತ್ರಶಾಲೆಯವರು ಬಯಸಿದರು. ನಗರದ ಸವಾರರು ಒಪ್ಪಲಿಲ್ಲ. ಕೊನೆಗೆ ಬೈಸಿಕಲ್ಲೇ ಗೆದ್ದಿತು. ರೆಂಬ್ರಾಂಟನ ಚಿತ್ರವನ್ನು ನೋಡುತ್ತ ನಿಂತವರ ಅಡಿಯಲ್ಲಿಯೇ ಗಂಟೆ ಬಾರಿಸುತ್ತ ಜನರು ಮನೆಗೆ ತರಕಾರಿಯನ್ನು ಒಯ್ಯುವ ದೇಶವು ಬೇರೆಲ್ಲಿಯಾದರೂ ಇರುವುದೋ, ನಾವು ಕಾಣೆವು.

ಅಲ್ಲಿಂದ ರೈಲಿನಲ್ಲಿ ಉಟ್ರೆಕ್ಟ್ ಪಟ್ಟಣಕ್ಕೆ ಹೋದೆವು. ನಿಲ್ದಾಣದ ಕೆಳಗೆ ಮೂರು ಅಂತಸ್ತುಗಳಲ್ಲಿ 12,500 ಬೈಸಿಕಲ್ಲುಗಳನ್ನು ನಿಲ್ಲಿಸುವ ತಾಣವಿರುವುದು. 2019ರಲ್ಲಿ ಇದು ಪೂರ್ಣವಾಗಿ ತೆರೆದಾಗ ಪ್ರಪಂಚದಲ್ಲಿಯೇ ಅತಿ ದೊಡ್ಡದೆಂಬ ಹೆಸರನ್ನು ಪಡೆಯಿತು. ಸವಾರರು ಇಳಿಯದೆಯೇ ಒಳಕ್ಕೆ ಹೋಗುವರು. ಎಲ್ಲಿ ಜಾಗವಿದೆಯೆಂಬುದನ್ನು ದೀಪದ ಫಲಕಗಳು ತೋರಿಸುವುವು. ಸುಮಾರು 1 ಕೋಟಿ 80 ಲಕ್ಷ ಜನರಿರುವ ಆ ದೇಶದಲ್ಲಿ ಬೈಸಿಕಲ್ಲುಗಳು 2 ಕೋಟಿಗೂ ಮಿಕ್ಕಿರುವುವು. ಜನರು ಮಾಡುವ ಎಲ್ಲ ಪ್ರಯಾಣಗಳಲ್ಲಿ ಕಾಲುಭಾಗಕ್ಕಿಂತಲೂ ಹೆಚ್ಚು ಈ ವಾಹನದ ಮೇಲೆಯೇ ನಡೆಯುವುವು. ಬೆಟ್ಟವಿಲ್ಲದ ನಾಡಾದುದರಿಂದ ತುಳಿಯುವುದು ಸುಲಭವೆಂದು ಕೆಲವರು ಹೇಳುವರು. ಅವರು ಒಮ್ಮೆ ಅಲ್ಲಿಯ ಎದುರುಗಾಳಿಯಲ್ಲಿ ಸವಾರಿ ಮಾಡಿ ನೋಡಬೇಕು!

ಡಚ್ಚರು ಹುಟ್ಟುವಾಗಲೇ ಇಂಥ ಹಾದಿಗಳನ್ನು ಪಡೆದು ಬಂದವರಲ್ಲ. ಎರಡನೆಯ ಮಹಾಯುದ್ಧದ ತರುವಾಯ ಸಂಪತ್ತು ಹೆಚ್ಚಿದಂತೆ ಅಲ್ಲಿಯೂ ಮೋಟಾರುಗಾಡಿಗಳು ಹೆಚ್ಚಿದುವು. ಬೀದಿಗಳನ್ನು ಅವುಗಳಿಗಾಗಿ ಅಗಲಿಸಿದರು. 1971ನೆಯ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನರು ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಮಗಳನ್ನು ಹೀಗೆ ಕಳೆದುಕೊಂಡ ವಿಕ್ ಲಾಂಗನ್‌ಹೋಫ್ ಎಂಬ ಪತ್ರಿಕೋದ್ಯೋಗಿಯು 1972ರಲ್ಲಿ ‘ಮಕ್ಕಳ ಕೊಲೆಯನ್ನು ನಿಲ್ಲಿಸಿರಿ’ ಎಂಬ ಅರ್ಥದ ತಲೆಬರಹದಿಂದ ಒಂದು ಲೇಖನವನ್ನು ಬರೆದನು. ಆ ತಲೆಬರಹವೇ ಒಂದು ಚಳವಳಿಯ ಹೆಸರಾಯಿತು. ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಬೀದಿಗಳಲ್ಲಿ ಕುಳಿತರು. ಮರುವರ್ಷ ಎಣ್ಣೆಯ ಅಭಾವವುಂಟಾಗಿ, 1973ರ ನವೆಂಬರ್ 4ನೆಯ ತಾರೀಖಿನಿಂದ ಕೆಲವು ಭಾನುವಾರಗಳಂದು ಮೋಟಾರುಗಳ ಓಡಾಟವನ್ನೇ ಸರ್ಕಾರವು ನಿಲ್ಲಿಸಿತು. ಹೆದ್ದಾರಿಗಳ ಮೇಲೆ ಮಕ್ಕಳು ಆಡಿದರು. ಗಾಡಿಯಿಲ್ಲದ ಬೀದಿ ಹೇಗಿರುವುದೆಂಬುದನ್ನು ಒಂದು ಜನಾಂಗವೇ ಕಣ್ಣಾರೆ ಕಂಡಿತು.

ಅಂದಿನಿಂದ ಅವರು ಮಾಡಿದ ಕೆಲಸವು ತಲೆಗೆ ಸಂಬಂಧಿಸಿದುದಲ್ಲ, ನೆಲಕ್ಕೆ ಸಂಬಂಧಿಸಿದುದು. ವೇಗದ ರಸ್ತೆಗಳಿಂದ ಬೈಸಿಕಲ್ಲಿನ ಹಾದಿಯನ್ನು ಬೇರ್ಪಡಿಸಿದರು. ಮನೆಗಳಿರುವ ಬೀದಿಗಳಲ್ಲಿ ಮೋಟಾರುಗಳ ವೇಗವನ್ನು ತಗ್ಗಿಸಿದರು. ಮೋಟಾರಿಗೂ ಬೈಸಿಕಲ್ಲಿಗೂ ಡಿಕ್ಕಿಯಾದರೆ ನಷ್ಟದ ಹೊಣೆಯು ಸಾಮಾನ್ಯವಾಗಿ ಮೋಟಾರಿನವನದೇ ಎಂದು ಕಾನೂನು ಮಾಡಿದರು. ಹನ್ನೊಂದು ಹನ್ನೆರಡು ವರ್ಷದ ಶಾಲೆಯ ಮಕ್ಕಳಿಗೆ ರಸ್ತೆಯ ನಿಯಮಗಳಲ್ಲಿ ಪರೀಕ್ಷೆಯನ್ನು ಏರ್ಪಡಿಸಿದರು. ಮಕ್ಕಳು ಬೆನ್ನಿಗೆ ಅಂಕಿಯ ಬಟ್ಟೆ ಕಟ್ಟಿಕೊಂಡು ಊರಿನ ಬೀದಿಗಳಲ್ಲಿ ಸವಾರಿ ಮಾಡಿ ತೇರ್ಗಡೆಯಾಗಬೇಕು. 2023ರಲ್ಲಿ ಆ ದೇಶದ ರಸ್ತೆಗಳಲ್ಲಿ ಸತ್ತವರು 684 ಮಂದಿ. ವಾಹನಗಳು ಎಷ್ಟೋ ಪಾಲು ಹೆಚ್ಚಿರುವಾಗಲೂ 3,300 ಎಂಬ ಸಂಖ್ಯೆಯು ಇಷ್ಟಕ್ಕೆ ಇಳಿದಿರುವುದು. ಅದರಲ್ಲಿ ಬೈಸಿಕಲ್ಲಿನ ಶಿರಸ್ತ್ರಾಣದ ಪಾಲು ಇಲ್ಲವೆಂದೇ ಹೇಳಬೇಕು.

ಹಾಗಾದರೆ ಶಿರಸ್ತ್ರಾಣವು ನಿರರ್ಥಕವೇ? ಈ ಪ್ರಶ್ನೆಯು ಉಟ್ರೆಕ್ಟಿನಲ್ಲಿ ನಾವು ಇಳಿದುಕೊಂಡ ಮನೆಯಲ್ಲಿಯೇ ಚರ್ಚೆಯಾಗುತ್ತಿದ್ದಿತು. ಆ ಗೃಹಸ್ಥರು ಧಾರವಾಡದ ಕಡೆಯವರು. ಎಂಜಿನಿಯರ್ ಉದ್ಯೋಗದ ನಿಮಿತ್ತ ಏಳು ವರ್ಷಗಳಿಂದ ಅಲ್ಲಿ ನೆಲೆಸಿರುವರು. ಗಂಡಹೆಂಡಿರಿಬ್ಬರೂ ನಮ್ಮನ್ನು ಕಾಕಾ ಎಂದೇ ಕರೆಯುವರು. ಅವರ ಹತ್ತು ವರ್ಷದ ಮಗಳು ಮುಂದಿನ ವರ್ಷ ಆ ರಸ್ತೆಯ ಪರೀಕ್ಷೆಗೆ ಕೂರುವವಳಿದ್ದಳು. ಅಷ್ಟರಲ್ಲಿ ಅವಳು ಒಬ್ಬಳೇ ಶಾಲೆಗೆ ಹೋಗಿಬರಲು ತೊಡಗಬೇಕೆಂಬುದು ಊರಿನ ರೂಢಿ. ತಾಯಿ ಮಗಳಿಗೆ ಒಂದು ಹೆಲ್ಮೆಟ್ಟನ್ನು ತಂದಿದ್ದಳು. ಅದು ಬಾಗಿಲ ಹಿಂದಿನ ಗೂಟದಲ್ಲಿ ತೂಗುತ್ತಿದ್ದಿತು.

“ಈ ಊರಾಗ ಹೆಲ್ಮೆಟ್ ಹಾಕ್ಕೊಂಡ ಹುಡುಗಿ ಅಂದ್ರ ಪರದೇಶದಾಕಿ ಅಂತ ಗುರ್ತ ಹಿಡೀತಾರ್ರೀ ಕಾಕಾ,” ಎಂದು ಗಂಡನು ನಕ್ಕನು.

“ಹಿಡೀಲಿ ಬಿಡ್ರಿ. ತಲಿ ಒಡದ ಮ್ಯಾಲ ಇದು ಯಾವ ದೇಶದ ತಲಿ ಅಂತ ಡಾಕ್ಟರು ಕೇಳ್ತಾರೇನು?” ಎಂದು ಆ ಗೃಹಿಣಿಯು ರೊಟ್ಟಿಯನ್ನು ತಟ್ಟುತ್ತಲೇ ಹೇಳಿದಳು.

ಇಬ್ಬರ ಮಾತಿನಲ್ಲಿಯೂ ಹುರುಳಿದ್ದಿತು. ಅಂದಿನ ಸಂಜೆ ಅವರ ನೆರೆಯವರಾದ ಒಬ್ಬ ಡಚ್ ವೈದ್ಯರು ಚಹಕ್ಕೆ ಬಂದರು. ಆಸ್ಪತ್ರೆಯಲ್ಲಿ ಅಪಘಾತಕ್ಕೆ ಸಿಕ್ಕಿದವರನ್ನು ನೋಡಿಕೊಳ್ಳುವುದೇ ಅವರ ಕೆಲಸ. ನಾವು ಗೂಟದಲ್ಲಿದ್ದ ಹೆಲ್ಮೆಟ್ಟನ್ನು ಅವರ ಕೈಗೆ ಕೊಟ್ಟು ನಮ್ಮ ಪ್ರಶ್ನೆಯನ್ನು ಮುಂದಿಟ್ಟೆವು. ಅವರು ಹೇಳಿದುದನ್ನೂ, ಆ ಬಳಿಕ ನಾವು ಓದಿ ತಿಳಿದುಕೊಂಡುದನ್ನೂ ಸೇರಿಸಿ ಇಲ್ಲಿ ಬರೆಯುವೆವು.

ಹೆಲ್ಮೆಟ್ಟಿನ ಹೊರಗಿನ ಚಿಪ್ಪು ತೆಳುವಾದುದು. ಕೆಲಸ ಮಾಡುವುದು ಒಳಗಿನ ಬಿಳಿಯ ಥರ್ಮೊಕೋಲಿನಂಥ ಬೆಂಡು. ಕಲ್ಲಿನ ಮೇಲೆ ಬಿದ್ದ ತೆಂಗಿನಕಾಯಿ ಒಡೆಯುವುದು. ಹುಲ್ಲಿನ ಬಣವೆಯ ಮೇಲೆ ಬಿದ್ದ ಕಾಯಿ ಉಳಿಯುವುದು. ಎರಡೂ ಒಂದೇ ಎತ್ತರದಿಂದ ಬಿದ್ದಿದ್ದರೂ ಈ ಭೇದವೇಕೆ? ಕಲ್ಲು ಕಾಯಿಯನ್ನು ಒಮ್ಮೆಗೇ ತಡೆಯುವುದು, ಹುಲ್ಲು ನಿಧಾನವಾಗಿ ತಡೆಯುವುದು. ಬೆಂಡಿನ ಗುಣವೂ ಇದೇ. ಒಂದೂವರೆ ಮೀಟರು ಎತ್ತರದಿಂದ ಬಿದ್ದ ತಲೆಯು ನೆಲವನ್ನು ಮುಟ್ಟುವಾಗ ಗಂಟೆಗೆ ಸುಮಾರು 19.5 ಕಿಲೋಮೀಟರ್ ವೇಗದಲ್ಲಿರುವುದು. ಬರಿದಲೆಯು ನೆಲಕ್ಕೆ ತಗುಲಿ 3 ಮಿಲಿಮೀಟರಿನೊಳಗೆ ನಿಂತಿತೆಂದರೆ ಅದರ ಮೇಲೆ ಬೀಳುವ ಬಲವು ಸರಾಸರಿಯಾಗಿ ತಲೆಯ ತೂಕದ 500 ಪಾಲಾಗುವುದು. ಬೆಂಡು ಜಜ್ಜಿಹೋಗುತ್ತ 20 ಮಿಲಿಮೀಟರಿನಲ್ಲಿ ನಿಲ್ಲಿಸಿದರೆ ಅದೇ ಬಲವು ಸುಮಾರು 75 ಪಾಲಿಗೆ ಇಳಿಯುವುದು. ಪ್ರಾಣಕ್ಕೂ ಮರಣಕ್ಕೂ ನಡುವಣ ಅಂತರವು ಹೆಬ್ಬೆರಳಿನಷ್ಟು ದಪ್ಪದ ಈ ಬೆಂಡಿನಲ್ಲಿರಬಹುದು.

ಯೂರೋಪಿನ ನಿಯಮದ ಪ್ರಕಾರ ಮಾರಾಟಕ್ಕೆ ಬರುವ ಹೆಲ್ಮೆಟ್ಟುಗಳನ್ನು ಸರಿಸುಮಾರು ಈ ಎತ್ತರದಿಂದಲೇ ಚಪ್ಪಟೆಯಾದ ಉಕ್ಕಿನ ಮೇಲೆ ಬೀಳಿಸಿ ಪರೀಕ್ಷಿಸುವರು. ಒಳಗಿನ ಕೃತಕ ಶಿರಸ್ಸಿಗೆ ತಟ್ಟುವ ಆಘಾತವು ಗುರುತ್ವದ 250 ಪಾಲನ್ನು ಮೀರಕೂಡದು. ರಸ್ತೆಯ ಅಂಚುಗಲ್ಲಿನ ಆಕಾರದ ಉಕ್ಕಿನ ಮೇಲೂ, ಸ್ವಲ್ಪ ಕಡಿಮೆ ಎತ್ತರದಿಂದ, ಬೀಳಿಸುವರು. ವಾಚಕರು ಇದನ್ನು ಚೆನ್ನಾಗಿ ಗಮನಿಸಬೇಕು. ಪರೀಕ್ಷೆಯು ಸವಾರನು ತಾನಾಗಿ ಉರುಳಿಬಿದ್ದು ತಲೆಯನ್ನು ನೆಲಕ್ಕೆ ಬಡಿಸಿಕೊಳ್ಳುವ ಸಂದರ್ಭಕ್ಕೆ ತಕ್ಕುದಾಗಿರುವುದು. ಧಾವಿಸುತ್ತಿರುವ ಲಾರಿಗೆ ಸಿಕ್ಕಿದವನಿಗಾಗಿ ಅದನ್ನು ರಚಿಸಿಲ್ಲ. ವೇಗವು ಎರಡು ಪಾಲಾದರೆ ಪೆಟ್ಟಿನ ಶಕ್ತಿಯು ನಾಲ್ಕು ಪಾಲಾಗುವುದು. 40 ಕಿಲೋಮೀಟರ್ ವೇಗದಲ್ಲಿ ತಲೆಯು ನೇರವಾಗಿ ಗೋಡೆಗೆ ಬಡಿದರೆ ಬೆಂಡು ತನ್ನ ಪಾಲಿನ ಶಕ್ತಿಯನ್ನು ನುಂಗಿ ಪೂರ್ತಿಯಾಗಿ ಜಜ್ಜಿಹೋಗುವುದು. ಉಳಿದುದೆಲ್ಲವೂ ತಲೆಗೇ ಬರುವುದು. ಎದೆ, ಹೊಟ್ಟೆ, ಕೈಕಾಲುಗಳಿಗಂತೂ ಅದರಿಂದ ಯಾವ ರಕ್ಷಣೆಯೂ ಇಲ್ಲ.

ಇನ್ನೊಂದು ಸೂಕ್ಷ್ಮವಿರುವುದು. ಬೀಳುವ ತಲೆಯು ಬಹುಮಟ್ಟಿಗೆ ಓರೆಯಾಗಿ ನೆಲಕ್ಕೆ ತಗುಲಿ ಥಟ್ಟನೆ ತಿರುಗುವುದು. ಮೊಸರಿನ ಗಡಿಗೆಯನ್ನು ಒಮ್ಮೆಲೆ ತಿರುಗಿಸಿದರೆ ಗಡಿಗೆ ತಿರುಗುವುದೇ ಹೊರತು ಒಳಗಿನ ಮೊಸರು ಕೂಡಲೆ ತಿರುಗದೆ ಅಂಚಿನಲ್ಲಿ ಹರಿದುಹೋಗುವುದು. ಮಿದುಳಿಗೂ ಹಾಗೆಯೇ ಅಪಾಯ ತಟ್ಟುವುದು. ಸ್ವೀಡನ್ ದೇಶದ ಸ್ಟಾಕ್‌ಹೋಮಿನ ಸಂಶೋಧಕರು 1990ರ ದಶಕದಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡು, ಹೆಲ್ಮೆಟ್ಟಿನೊಳಗೆ ಸ್ವಲ್ಪ ಜಾರುವ ಒಂದು ಪದರವನ್ನು ಸೇರಿಸುವ ಉಪಾಯವನ್ನು ಕಂಡುಹಿಡಿದರು. ಈಗ ಅನೇಕ ಹೆಲ್ಮೆಟ್ಟುಗಳಲ್ಲಿ ಅಂಥ ಪದರವಿರುವುದು.

ಯಂತ್ರದ ಪರೀಕ್ಷೆ ಹಾಗಿರಲಿ. ಬೀದಿಯಲ್ಲಿ ಬಿದ್ದವರ ಅನುಭವವೇನು? 1989ರಲ್ಲಿ ಅಮೆರಿಕದ ಸಿಯಾಟಲ್ ನಗರದ ವೈದ್ಯರು ಪ್ರಕಟಿಸಿದ ಲೇಖನವೊಂದು ಶಿರಸ್ತ್ರಾಣವು ತಲೆಯ ಗಾಯದ ಸಂಭವವನ್ನು ನೂರಕ್ಕೆ 85 ಪಾಲು ತಗ್ಗಿಸುವುದೆಂದು ಹೇಳಿತು. ಆ ಸಂಖ್ಯೆಯು ಬಹು ಪ್ರಸಿದ್ಧವಾಯಿತು. ಆದರೆ ಶಿರಸ್ತ್ರಾಣ ಧರಿಸುವವರು ಸ್ವಭಾವತಃ ಎಚ್ಚರಿಕೆಯ ಜನರಾಗಿ, ಉದ್ಯಾನಗಳಲ್ಲಿ ಮೆಲ್ಲನೆ ಹೋಗುವವರಾಗಿದ್ದರೆ, ಟೋಪಿಯ ಪುಣ್ಯವೆಷ್ಟು, ಅವರ ಎಚ್ಚರಿಕೆಯ ಪುಣ್ಯವೆಷ್ಟು ಎಂದು ವಿಮರ್ಶಕರು ಕೇಳಿದರು. ತರುವಾಯದ ಲೆಕ್ಕಗಳು ಆ ಸಂಖ್ಯೆಯನ್ನು ತಗ್ಗಿಸಿದುವು. ಆಸ್ಟ್ರೇಲಿಯದ ಆಲಿವಿಯರ್ ಮತ್ತು ಕ್ರೈಟನ್ ಎಂಬ ವಿದ್ವಾಂಸರು ನಲವತ್ತು ಅಧ್ಯಯನಗಳನ್ನು, ಗಾಯಗೊಂಡ 64,000ಕ್ಕೂ ಹೆಚ್ಚು ಸವಾರರ ವಿವರಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ಯಾವುದೇ ತಲೆಯ ಗಾಯದ ಸಂಭವವು ನೂರಕ್ಕೆ 51 ಪಾಲು, ತೀವ್ರವಾದ ತಲೆಯ ಗಾಯದ ಸಂಭವವು 69 ಪಾಲು, ಮುಖದ ಗಾಯದ ಸಂಭವವು 33 ಪಾಲು ಕಡಿಮೆಯಾಗುವುದು. ಕತ್ತಿಗೆ ಅದರಿಂದ ಹೆಚ್ಚಿನ ಕೇಡಿಲ್ಲವೆಂದೂ ಅವರು ಕಂಡರು. ನಾರ್ವೆಯಲ್ಲಿ 2018ರಲ್ಲಿ ನಡೆದ ಇನ್ನೊಂದು ಪರಿಶೀಲನೆಯೂ ಹೆಚ್ಚುಕಡಿಮೆ ಇದೇ ನಿರ್ಣಯಕ್ಕೆ ಬಂದಿತು.

ಇವೆಲ್ಲವೂ ಬಿದ್ದ ಮೇಲಿನ ಲೆಕ್ಕವೆಂಬುದನ್ನು ಮರೆಯಬಾರದು. ಬೀಳದಂತೆ ಮಾಡುವ ಶಕ್ತಿಯು ಶಿರಸ್ತ್ರಾಣಕ್ಕಿಲ್ಲ. ಅದು ಕೆಲವರನ್ನು ಹೆಚ್ಚು ಅಪಾಯಕ್ಕೆ ಒಡ್ಡುವುದೇನೋ ಎಂಬ ಸಂದೇಹವೂ ಉಂಟಾಗಿರುವುದು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ ಎಂಬವರು 2006ರಲ್ಲಿ ತಮ್ಮ ಬೈಸಿಕಲ್ಲಿಗೆ ಅಳತೆಯ ಉಪಕರಣವನ್ನು ಕಟ್ಟಿಕೊಂಡು ಓಡಾಡಿದರು. ಹೆಲ್ಮೆಟ್ ಧರಿಸಿದ್ದಾಗ ಮೋಟಾರುಗಳು ಸರಾಸರಿ 8.5 ಸೆಂಟಿಮೀಟರಿನಷ್ಟು ಹೆಚ್ಚು ಹತ್ತಿರದಿಂದ ದಾಟಿಹೋದುವಂತೆ! ಅವರು ಹೆಂಗಸಿನ ಕೂದಲನ್ನು ಧರಿಸಿದಾಗ ಚಾಲಕರು ಇನ್ನಷ್ಟು ದೂರ ಬಿಟ್ಟುಕೊಟ್ಟರು. ಅದೇ ಅಂಕಿಗಳನ್ನು ಬೇರೆಯವರು ಮತ್ತೆ ಪರಿಶೀಲಿಸಿ, ಅಂತರದ ಭೇದವು ಭಯಪಡುವಷ್ಟಿಲ್ಲವೆಂದು ವಾದಿಸಿರುವರು. ಆದುದರಿಂದ ಇದನ್ನು ಕೊನೆಯ ಮಾತೆಂದು ಎಣಿಸಲಾಗದು.

ಶಿರಸ್ತ್ರಾಣವು ಇಷ್ಟು ಉಪಯುಕ್ತವಾದರೆ ಕಾನೂನಿನಿಂದಲೇ ಅದನ್ನು ಕಡ್ಡಾಯ ಮಾಡಬಾರದೇಕೆ ಎಂದು ವಾಚಕರು ಕೇಳಬಹುದು. ಹಾಗೆ ಮಾಡಿದ ನಾಡೂ ಉಂಟು. ಹಿಂದೊಮ್ಮೆ ನಾವು ಆಸ್ಟ್ರೇಲಿಯದ ಮೆಲ್ಬರ್ನ್ ನಗರಕ್ಕೆ ಹೋಗಿದ್ದಾಗ, ಯಾರಾ ನದಿಯ ದಡದ ಹಾದಿಯಲ್ಲಿ ಶಿರಸ್ತ್ರಾಣವಿಲ್ಲದ ಸವಾರನನ್ನು ಕಾಣುವುದೇ ಅಪರೂಪವಾಗಿದ್ದಿತು. ಆ ನಗರವಿರುವ ವಿಕ್ಟೋರಿಯ ರಾಜ್ಯವು 1990ರ ಜುಲೈ 1ರಂದು ಪ್ರಪಂಚದಲ್ಲಿಯೇ ಮೊದಲಿಗೆ ಎಲ್ಲ ವಯಸ್ಸಿನ ಬೈಸಿಕಲ್ಲಿನವರಿಗೂ ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿತು. ಆ ವರ್ಷದ ಮಾರ್ಚಿಯಲ್ಲಿ ನೂರಕ್ಕೆ 31 ಜನ ಧರಿಸುತ್ತಿದ್ದರೆ ಮರುವರ್ಷದ ಮಾರ್ಚಿಯಲ್ಲಿ 75 ಜನ ಧರಿಸುತ್ತಿದ್ದರು. ತಲೆಗೆ ಪೆಟ್ಟಾಗಿ ಬಂದವರ ಸಂಖ್ಯೆಯು ನಿಜವಾಗಿಯೂ ಬಹಳ ಇಳಿಯಿತು. ಆದರೆ ಬೀದಿಯಲ್ಲಿ ನಿಂತು ಎಣಿಸಿದವರಿಗೆ ಇನ್ನೊಂದು ಸಂಗತಿಯೂ ಕಂಡಿತು: ಹದಿಹರೆಯದ ಸವಾರರೇ ಬಹುಮಟ್ಟಿಗೆ ಕಡಿಮೆಯಾಗಿದ್ದರು. ಟೋಪಿ ಹಾಕಿಕೊಳ್ಳುವುದಕ್ಕಿಂತ ಬೈಸಿಕಲ್ಲನ್ನೇ ಬಿಡುವುದು ಲೇಸೆಂದು ಅವರಲ್ಲಿ ಅನೇಕರು ತೀರ್ಮಾನಿಸಿದ್ದರೆ, ಗಾಯ ಇಳಿದುದಕ್ಕೆ ಟೋಪಿಯೊಂದೇ ಕಾರಣವೆನ್ನಲಾಗದು. ವ್ಯಾಯಾಮವಿಲ್ಲದ ಮೈಗೆ ಬರುವ ರೋಗಗಳು ಆಸ್ಪತ್ರೆಯ ಅಪಘಾತದ ಪಟ್ಟಿಯಲ್ಲಿ ಕಾಣುವುದಿಲ್ಲ. ಈ ವಿವಾದವು ಮೂರು ದಶಕಗಳಾದರೂ ವಿದ್ವಾಂಸರಲ್ಲಿ ತೀರಿಲ್ಲ. ಡಚ್ಚರು ಕಾನೂನನ್ನು ಮಾಡದಿರುವುದಕ್ಕೆ ಇದೇ ಮುಖ್ಯವಾದ ಕಾರಣವೆಂದು ನಮ್ಮ ವೈದ್ಯರು ಹೇಳಿದರು.

“ಅಂದರೆ ನೀವು ಹಾಕಿಕೊಳ್ಳುವುದಿಲ್ಲವೇ?” ಎಂದು ನಾವು ಕೇಳಿದೆವು.

ಅವರು ಸ್ವಲ್ಪ ತಡೆದು ಉತ್ತರವಿತ್ತರು. ಇಪ್ಪತ್ತು ವರ್ಷ ಬರಿದಲೆಯಲ್ಲಿಯೇ ಆಸ್ಪತ್ರೆಗೆ ಹೋಗಿಬಂದವರು ಅವರು, ಈಚೆಗೆ ಧರಿಸುತ್ತಿರುವರು. ಕಾರಣವೆಂದರೆ ಆ ದೇಶದಲ್ಲಿ ಬೈಸಿಕಲ್ಲಿನ ಮೇಲೆ ಸಾಯುವವರ ರೀತಿಯೇ ಬದಲಾಗಿರುವುದು. 2022ರಲ್ಲಿ ರಸ್ತೆಯಲ್ಲಿ ಸತ್ತ 745 ಜನರಲ್ಲಿ 291 ಮಂದಿ ಬೈಸಿಕಲ್ಲಿನವರು. ಅವರಲ್ಲಿ ಬಹುಭಾಗದವರು ಅರುವತ್ತು ವರ್ಷ ದಾಟಿದವರು. ವಿದ್ಯುಚ್ಛಕ್ತಿಯ ಸಹಾಯದಿಂದ ಗಂಟೆಗೆ 25 ಕಿಲೋಮೀಟರಿನವರೆಗೆ ಓಡುವ ಬೈಸಿಕಲ್ಲುಗಳು ಈಗ ವೃದ್ಧರ ಕೈಗೂ ಬಂದಿರುವುವು. ಆಸ್ಪತ್ರೆಗೆ ಬರುವ ಗಾಯಾಳುಗಳಲ್ಲಿ ಹೆಚ್ಚಿನವರಿಗೆ ಮೋಟಾರು ಬಡಿದಿರುವುದಿಲ್ಲ. ಒದ್ದೆಯಾದ ಎಲೆಯ ಮೇಲೆ ಚಕ್ರ ಜಾರಿರುವುದು, ಟ್ರಾಮಿನ ಕಂಬಿಯಲ್ಲಿ ಸಿಕ್ಕಿರುವುದು, ಅಂಚುಗಲ್ಲಿಗೆ ತಗುಲಿರುವುದು. ಉತ್ತಮವಾದ ಹಾದಿಯು ಮೋಟಾರಿನಿಂದ ಕಾಯಿತು. ತನ್ನ ಮುಪ್ಪಿನಿಂದಲೂ ತನ್ನ ವೇಗದಿಂದಲೂ ಸವಾರನನ್ನು ಯಾವ ಹಾದಿಯೂ ಕಾಯಲಾರದು. ಶಿರಸ್ತ್ರಾಣವು ಹೆಚ್ಚು ಸಮರ್ಥವಾಗಿರುವುದು ಇಂಥ ಬೀಳುವಿಕೆಗಳಲ್ಲಿಯೇ ಎಂದು ಹೇಳಿ ಅವರು ಮನೆಯ ಯಜಮಾನನ ಕಡೆಗೆ ತಿರುಗಿದರು.

“ಮಗುವಿನ ತಲೆಯ ವಿಷಯದಲ್ಲಿ ಇಬ್ಬರೂ ಇಷ್ಟು ಹೊತ್ತು ವಾದಿಸಿದಿರಿ. ಚಳಿಗಾಲದ ಕತ್ತಲೆಯಲ್ಲಿ ದಿನವೂ ಹನ್ನೆರಡು ಕಿಲೋಮೀಟರ್ ವಿದ್ಯುತ್ ಬೈಸಿಕಲ್ಲನ್ನು ಓಡಿಸುವವರು ನೀವು. ನಿಮ್ಮ ತಲೆಯ ಮಾತನ್ನು ಯಾರೂ ಎತ್ತಲಿಲ್ಲವಲ್ಲ!”

ಆ ಮಾತಿಗೆ ಗೃಹಿಣಿಯು ನಗಲಿಲ್ಲ. ಅವಳ ಮುಖವು ಚಿಕ್ಕದಾದುದನ್ನು ನಾವು ಕಂಡೆವು. ಮಗಳ ಚಿಂತೆಯಲ್ಲಿ ಅವಳಿಗೆ ಗಂಡನ ದಾರಿಯು ನೆನಪಾಗಿರಲಿಲ್ಲ. ದೂರದೇಶದಲ್ಲಿ ಒಬ್ಬನ ದುಡಿಮೆಯ ಮೇಲೆ ನಿಂತ ಸಂಸಾರಕ್ಕೆ ಆ ಹನ್ನೆರಡು ಕಿಲೋಮೀಟರ್ ಸಣ್ಣ ಮಾತಲ್ಲ. ಮರುದಿನವೇ ಗಂಡನು ಅಂಗಡಿಗೆ ಹೋಗಿ ತನ್ನ ಅಳತೆಯದೊಂದನ್ನು ಕೊಂಡುತಂದನು. ತಂದೆಯು ಧರಿಸಿದುದನ್ನು ಕಂಡು ಮಗಳು ತಂಟೆ ಮಾಡಲಿಲ್ಲ. “ಈಗ ಮನ್ಯಾಗ ಇಬ್ಬರು ಪರದೇಶದವರಾದ್ರು ನೋಡ್ರೀ ಕಾಕಾ,” ಎಂದು ಗೃಹಿಣಿಯು ಆಮೇಲೆ ನಕ್ಕಳು.

ನಮ್ಮ ನಾಡಿನ ಗೃಹಸ್ಥರಿಗೆ ಈ ಯಾತ್ರೆಯಿಂದ ಏನು ತಿಳಿಯಬೇಕು? ಡಚ್ಚರ ಬರಿದಲೆಯನ್ನು ನೋಡಿ ನಾವೂ ಹಾಗೆಯೇ ಇರೋಣವೆನ್ನುವುದು ಸರಿಯಲ್ಲ. ಅವರ ಬರಿದಲೆಯ ಕೆಳಗೆ ಐವತ್ತು ವರ್ಷಗಳ ದುಡಿಮೆಯ ಹಾದಿಯಿರುವುದು. ನಮ್ಮ ಮಕ್ಕಳ ಚಕ್ರದ ಪಕ್ಕದಲ್ಲಿಯೇ ಬಸ್ಸು ಲಾರಿಗಳು ಓಡುವುವು. ಹಾಗೆಂದು ಟೋಪಿಯೊಂದನ್ನು ತೊಡಿಸಿ, ಇನ್ನು ಭಯವಿಲ್ಲವೆಂದು ಮಗುವನ್ನು ಹೆದ್ದಾರಿಗೆ ಕಳುಹಿಸುವುದೂ ಸರಿಯಲ್ಲ. ಲಾರಿಯ ಮುಂದೆ ಬೆಂಡಿನ ಬಲವೆಷ್ಟು? ಸುತ್ತಾದರೂ ಒಳದಾರಿಯನ್ನು ಆರಿಸುವುದು, ಹಿಂದಿನ ಕೆಂಪು ದೀಪವನ್ನೂ ಬ್ರೇಕನ್ನೂ ಸರಿಯಾಗಿಡುವುದು, ತಿರುಗುವ ಮೊದಲು ಹಿಂದಿರುಗಿ ನೋಡುವುದನ್ನು ಕಲಿಸುವುದು, ಶಾಲೆಯ ಬೀದಿಯಲ್ಲಿ ವಾಹನಗಳ ವೇಗವನ್ನು ತಗ್ಗಿಸುವಂತೆ ಊರಿನವರು ಸೇರಿ ಕೇಳುವುದು—ಇವು ಮೊದಲನೆಯ ಕಾವಲು. ಶಿರಸ್ತ್ರಾಣವು ಕೊನೆಯ ಕಾವಲು. ಕೊನೆಯದೆಂಬ ಕಾರಣದಿಂದ ಅದನ್ನು ಬಿಡತಕ್ಕುದಲ್ಲ. ಮೊದಲನೆಯದು ತಪ್ಪಿದಾಗ ಉಳಿಯುವುದು ಅದೊಂದೇ.

ಕೊಳ್ಳುವವರು ಕೆಲವು ವಿಷಯಗಳನ್ನು ಗಮನಿಸಬೇಕು. ಮಗು ಬೆಳೆಯುವುದೆಂದು ಸಡಿಲವಾದುದನ್ನು ಕೊಳ್ಳಬಾರದು. ಬೀಳುವಾಗ ಅದು ಹಿಂದಕ್ಕೆ ಜಾರುವುದು. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು, ಹಣೆಯು ಮುಚ್ಚುವಂತೆ ಮಟ್ಟಸವಾಗಿ ಕೂರಬೇಕು. ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು. ಗಲ್ಲದ ಕೆಳಗೆ ಒಂದೆರಡು ಬೆರಳು ತೂರುವಷ್ಟು ಮಾತ್ರ ಸಡಿಲವಿರಬೇಕು. ಒಮ್ಮೆ ಬಲವಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಹೊರಗೆ ಬಿರುಕು ಕಾಣದಿದ್ದರೂ, ಬಿಸುಡಬೇಕು. ಜಜ್ಜಿದ ಬೆಂಡು ಮತ್ತೆ ಉಬ್ಬುವುದಿಲ್ಲ. ಕಟ್ಟಡದ ಕೆಲಸದವರ ಟೋಪಿಯು ಇದಕ್ಕೆ ಬದಲಾಗಲಾರದು; ಮೋಟಾರು ಸೈಕಲ್ಲಿನ ಭಾರವಾದ ಹೆಲ್ಮೆಟ್ಟು ತುಳಿಯುವ ಮಗುವಿಗೆ ಸೆಕೆಯನ್ನೂ ಕತ್ತಿಗೆ ಹೊರೆಯನ್ನೂ ತರುವುದು. ಕೊನೆಯದಾಗಿ, ಮಕ್ಕಳು ಬೈಸಿಕಲ್ಲಿನಿಂದ ಇಳಿದೊಡನೆ ಅದನ್ನು ತೆಗೆಸಬೇಕು. ಮರ ಹತ್ತುವಾಗಲೋ ಜಾರುಬಂಡೆಯಲ್ಲಿ ಆಡುವಾಗಲೋ ಅದು ಸಿಕ್ಕಿಕೊಂಡರೆ ಗಲ್ಲದ ಪಟ್ಟಿಯೇ ಉರುಳಾಗುವುದು.

ಇಷ್ಟು ಮಾಡಿದರೆ ತಲೆಯು ಉಳಿಯುವುದು ನಿಶ್ಚಯವೇ? ನಿಶ್ಚಯವಿಲ್ಲ. ಗಂಡಾಂತರದ ಅರ್ಧಭಾಗವನ್ನಾದರೂ ಕಳೆಯುವ ವಸ್ತುವು ಕೆಲವು ನೂರು ರೂಪಾಯಿಗಳಿಗೋ ಸಾವಿರಕ್ಕೋ ದೊರೆಯುವುದು. ಮಿಕ್ಕ ಅರ್ಧವನ್ನು ಕಳೆಯಲು ಊರೇ ಎದ್ದು ನಿಲ್ಲಬೇಕು. ಡಚ್ ತಂದೆತಾಯಿಗಳು 1970ರ ದಶಕದಲ್ಲಿ ಬೀದಿಗೆ ಇಳಿದಾಗ ಅವರು ಕೇಳಿದುದು ಟೋಪಿಯನ್ನಲ್ಲ, ದಾರಿಯನ್ನು. ನಮ್ಮ ಮಕ್ಕಳಿಗೆ ನಾವು ಟೋಪಿಯನ್ನು ಇಂದೇ ಕೊಡಬಹುದು. ದಾರಿಯನ್ನು ಕೇಳಲು ನಾಳೆಯಿಂದಲಾದರೂ ತೊಡಗಬೇಕು.